ಮಂಚದ ತುದಿಯಲ್ಲಿ ಅಧ್ಯಕ್ಷರು

ನಮ್ಮ ಅಧ್ಯಕ್ಷರಾದ ವೃಷಭೇಂದ್ರಪ್ಪನವರಿಗೆ ಆತ್ಮಜ್ಞಾನವಾದದ್ದು ಒಂದು ಭಾನುವಾರ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯ ಒಳಗೆ. ಅದರಲ್ಲಿ ಊಟಕ್ಕೆ ಮುಕ್ಕಾಲು ಗಂಟೆ ಬಿಡುವೂ ಇತ್ತು. ಹಿಂದಿನ ಕಾಲದವರು ಇದಕ್ಕಾಗಿ ಕಾಡಿಗೆ ಹೋಗಿ ವರ್ಷಗಟ್ಟಲೆ ಕೂರುತ್ತಿದ್ದರಂತೆ. ನಮ್ಮವರು ಸ್ಕೂಟರಿನಲ್ಲಿ ಸರಸ್ವತಿಪುರಂವರೆಗೆ ಹೋಗಿ, ಒಂದು ಪ್ರಮಾಣಪತ್ರ, ಒಂದು ಬಟ್ಟೆ ಚೀಲ ಮತ್ತು ಆತ್ಮಜ್ಞಾನ, ಮೂರನ್ನೂ ಒಟ್ಟಿಗೇ ತಂದರು.

ಮೊದಲು ನಮ್ಮ ಸಂಸ್ಥೆಯ ವಿಷಯ ಹೇಳಿಬಿಡುತ್ತೇನೆ. ಬೋಗಾದಿಯಲ್ಲಿ ನಮ್ಮದೊಂದು ‘ಊರುಗೋಲು ಸೇವಾ ಟ್ರಸ್ಟ್’ ಇದೆ. ಕಾಲು ಮುರಿದವರಿಗೆ, ಹಾಸಿಗೆ ಹಿಡಿದವರಿಗೆ ವಾಕರ್, ವೀಲ್‌ಚೇರ್, ಆಸ್ಪತ್ರೆ ಮಂಚ ಇವನ್ನೆಲ್ಲ ಪುಕ್ಕಟೆ ಕೊಟ್ಟು, ವಾಸಿಯಾದ ಮೇಲೆ ವಾಪಸ್ ತರುವುದು ನಮ್ಮ ಕೆಲಸ. ವೃಷಭೇಂದ್ರಪ್ಪನವರು ಅಧ್ಯಕ್ಷರು. ಸಾಮಾನು ಸಾಗಿಸುವ ಟೆಂಪೋ ಇಟ್ಟಿರುವ ಚಂದ್ರು ಕಾರ್ಯದರ್ಶಿ. ಅಧ್ಯಕ್ಷರ ಪಕ್ಕದ ಮನೆಯವನಾದ ನಾನು ಉಪಾಧ್ಯಕ್ಷ. ಉಪಾಧ್ಯಕ್ಷನ ಕೆಲಸವೆಂದರೆ ಫೋಟೋದಲ್ಲಿ ಅಧ್ಯಕ್ಷರ ಎಡಗಡೆ ನಿಲ್ಲುವುದು. ಇನ್ನು ಶೆಡ್ಡಿನ ಬೀಗದ ಕೈ ಇಟ್ಟುಕೊಂಡು, ವಾಪಸ್ ಬಂದ ಸಾಮಾನನ್ನು ಡೆಟಾಲ್ ಹಾಕಿ ತೊಳೆದು, ಯಾರ ಮನೆಗೆ ಏನು ಹೋಗಬೇಕು ಎಂದು ಬರೆದಿಡುವ ಚಾಮುಂಡಮ್ಮ ಎಂಬವರೊಬ್ಬರಿದ್ದಾರೆ. ಒಂಬತ್ತು ವರ್ಷದಿಂದ ಟ್ರಸ್ಟನ್ನು ನಡೆಸುತ್ತಿರುವವರು ಅವರೇ ಎಂಬುದು ನಮಗೆ ಯಾರಿಗೂ ತಿಳಿದಿರಲಿಲ್ಲ.

ನಮ್ಮಲ್ಲಿ ಎರಡು ನಿಯಮಗಳಿದ್ದವು, ಎರಡೂ ಅಧ್ಯಕ್ಷರೇ ಮಾಡಿದ್ದು. ಒಂದು, ಅಧ್ಯಕ್ಷರು ಬಂದು ಫೋಟೋ ಆಗದ ಹೊರತು ಒಂದು ಕೋಲೂ ಶೆಡ್ಡಿನಿಂದ ಹೊರಗೆ ಹೋಗಕೂಡದು. ಎರಡು, ಪ್ರತಿ ಮಂಚದ ಕಾಲ ಕಡೆಯ ಹಲಗೆಗೆ, ಒಳಮುಖವಾಗಿ, ಅಧ್ಯಕ್ಷರ ಸ್ಟಿಕ್ಕರ್ ಇರತಕ್ಕದ್ದು. ಸ್ಟಿಕ್ಕರಿನಲ್ಲಿ ಅಧ್ಯಕ್ಷರು ಕೈಮುಗಿದು, ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಕೆಳಗೆ ದಪ್ಪ ಅಕ್ಷರದಲ್ಲಿ ಅವರ ಹೆಸರು, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೇಗ ಗುಣಮುಖರಾಗಿ’.

ಭಾನುವಾರದ ತರಬೇತಿ ಇಂಥ ಸಂಸ್ಥೆಗಳ ಮುಖ್ಯಸ್ಥರಿಗಾಗಿಯೇ ಇತ್ತು. ನಡೆಸಿಕೊಟ್ಟವಳು ಅಪೂರ್ವ ಎಂಬ ಚುರುಕಾದ ಹೆಣ್ಣುಮಗಳು.

“ಸಂಸ್ಥೆ ಅಂದ್ರೆ ಬೋರ್ಡು ಅಲ್ಲ ಸರ್, ಜನ,” ಎಂದಳಂತೆ ಆಕೆ. “ಮುಂದೆ ನಿಂತೋರು ಮೊದಲು ತಮ್ಮನ್ನ ತಾವು ನೋಡ್ಕೋಬೇಕು. ನಾಳೆಯಿಂದಲೇ ನಿಮ್ಮ ಜನರ ಹತ್ರ ಒಬ್ಬೊಬ್ಬರಾಗಿ ಹೋಗಿ, ನನ್ನಿಂದ ಏನು ತಪ್ಪಾಗಿದೆ ಹೇಳಿ ಅಂತ ಕೇಳಿ. ವಾದ ಮಾಡಬೇಡಿ. ಬರ್ಕೊಳ್ಳಿ, ಧನ್ಯವಾದ ಹೇಳಿ. ಆಮೇಲೆ ಒಂದು ದಿನ, ನೀವು ಯಾರಿಗೆ ಸೇವೆ ಮಾಡ್ತೀರೋ ಅವರ ಜಾಗದಲ್ಲಿ ನೀವೇ ಇದ್ದು ನೋಡಿ.”

ವೃಷಭೇಂದ್ರಪ್ಪನವರು ಮೂವತ್ತಮೂರು ವರ್ಷ ಸರ್ಕಾರಿ ಕಚೇರಿಯಲ್ಲಿದ್ದು ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಸುತ್ತೋಲೆ ಬಂದರೆ ಅದನ್ನು ಪಾಲಿಸಿಬಿಡುವುದು, ಅರ್ಥವನ್ನು ಆಮೇಲೆ ನೋಡಿಕೊಳ್ಳುವುದು ಅವರ ಪದ್ಧತಿ. ಅಂದು ರಾತ್ರಿಯೇ ಹೊಸ ನೋಟ್‌ಬುಕ್ಕಿಗೆ ಗೆರೆ ಎಳೆದು ಕ್ರಮಸಂಖ್ಯೆ, ಹೆಸರು, ತಪ್ಪುಗಳು, ಷರಾ ಎಂದು ನಾಲ್ಕು ಕಾಲಂ ಮಾಡಿದರು. ಕೇಳಬೇಕಾದ ಜನರನ್ನು ಸದಸ್ಯರು, ಬಂಧುಗಳು, ಹಿತೈಷಿಗಳು ಎಂದು ಮೂರು ತಲೆಬರಹಗಳ ಕೆಳಗೆ ಪಟ್ಟಿ ಮಾಡಿದರು. ಒಟ್ಟು ಇಪ್ಪತ್ತಮೂರು ಜನ.

ಕ್ರಮಸಂಖ್ಯೆ ಒಂದು ನಾನು.

ಸೋಮವಾರ ಬೆಳಿಗ್ಗೆ ಏಳಕ್ಕೆ ಹಾಲು ತರಲು ಗೇಟು ತೆಗೆದೆ. ಎದುರಿಗೆ ವೃಷಭೇಂದ್ರಪ್ಪನವರು ಕೈಮುಗಿದು ನಿಂತಿದ್ದರು. ವಾದ ಮಾಡಬಾರದೆಂಬ ಎಚ್ಚರಿಕೆಯಿಂದಲೋ ಏನೋ, ದನಿ ತೀರ ಮೆತ್ತಗಿತ್ತು.

“ಇಷ್ಟು ವರ್ಷದಿಂದ ಜೊತೇಲಿದ್ದೀವಿ,” ಎಂದರು. “ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಹೇಳ್ಬುಡಿ. ಮನಸ್ಸಲ್ಲಿ ಇಟ್ಕೋಬೇಡಿ.”

ನಮ್ಮ ಕಡೆ ಅರವತ್ತೈದು ದಾಟಿದ ಗಂಡಸು ಬೆಳಗಾಗೆದ್ದು ಪಕ್ಕದ ಮನೆಗೆ ಬಂದು ಹೀಗೆ ಕೇಳಿದರೆ ಅದಕ್ಕೆ ಇರುವ ಅರ್ಥ ಒಂದೇ. ಡಾಕ್ಟರು ಕೈಬಿಟ್ಟಿದ್ದಾರೆ. ಶುಕ್ರವಾರ ಅವರು ಆಸ್ಪತ್ರೆಯಿಂದ ಹೊರಗೆ ಬಂದದ್ದು ನನಗೆ ತಟ್ಟನೆ ನೆನಪಾಯಿತು. ಅಲ್ಲಿಗೆ ವೀಲ್‌ಚೇರ್ ಕೊಡುವ ಫೋಟೋಗಾಗಿ ಹೋಗಿದ್ದರು ಎಂಬುದಾಗಲಿ, ಆ ಫೋಟೋದಲ್ಲಿ ಎಡಗಡೆ ನಿಂತಿದ್ದವನು ನಾನೇ ಎಂಬುದಾಗಲಿ ನೆನಪಾಗಲಿಲ್ಲ.

ಹೇಳುವುದಕ್ಕೆ ನನ್ನಲ್ಲಿ ಬೇಕಾದಷ್ಟಿತ್ತು. ಎರಡು ವರ್ಷದ ಹಿಂದೆ ಒಯ್ದ ನನ್ನ ಏಣಿ ಇನ್ನೂ ಅವರ ಹಿತ್ತಲಲ್ಲೇ ಇದೆ. ವಾರ್ಷಿಕೋತ್ಸವದ ಕರೆಯೋಲೆಯಲ್ಲಿ ನನ್ನ ಹೆಸರನ್ನು ಶಾಮಿಯಾನದವನ ಹೆಸರಿನ ಕೆಳಗೆ ಹಾಕಿಸಿದ್ದರು. ಆದರೆ ಹೋಗುವ ಮನುಷ್ಯನ ಹತ್ತಿರ ಏಣಿಯ ಮಾತಾಡುವುದು ಹೇಗೆ?

“ತಪ್ಪಾ? ನಿಮ್ಮಿಂದಲಾ?” ಎಂದೆ. “ನೀವು ದೇವರಂಥೋರು ಸಾರ್.”

ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಧನ್ಯವಾದ ಹೇಳಿ, ಮುಂದಿನ ಮನೆಗೆ ಹೋದರು. ನಾನು ಹಾಲು ಮರೆತು ಚಂದ್ರುವಿಗೆ ಫೋನ್ ಮಾಡಿದೆ.

“ನನ್ನ ಹತ್ರ ನಿನ್ನೆ ರಾತ್ರೀನೇ ಫೋನಲ್ಲಿ ಕೇಳಿದ್ರು ಕಣ್ರೀ!” ಎಂದ ಚಂದ್ರು. “ಟೆಂಪೋ ಓಡಿಸ್ತಾ ಇದ್ದೆ, ಸೈಡಿಗೆ ಹಾಕ್ಬುಟ್ಟೆ. ಯಾವ ಕಾಯಿಲೆಯಂತೆ?”

“ಹೇಳೋವಂಥದ್ದಾಗಿದ್ರೆ ಹೇಳ್ತಿದ್ರು,” ಎಂದೆ.

ಈ ಒಂದು ಮಾತು ಹತ್ತು ಗಂಟೆಯ ಹೊತ್ತಿಗೆ ಇಡೀ ಬೋಗಾದಿಯನ್ನು ಸುತ್ತಿ, ಮಧ್ಯಾಹ್ನಕ್ಕೆ ಹೊಟ್ಟೆಯೊಳಗಿನ ಕಾಯಿಲೆಯಾಗಿ, ಸಂಜೆಗೆ ಹೆಚ್ಚೆಂದರೆ ಹದಿನೈದು ದಿನ ಎಂದಾಗಿ ನನ್ನ ಬಳಿಗೇ ವಾಪಸ್ ಬಂತು. ನಾನೂ ನಂಬಿಬಿಟ್ಟೆ. ನಿಜ ಹೇಳಬೇಕೆಂದರೆ ಕನ್ನಡಿಯ ಮುಂದೆ ನಿಂತು, ಉಪಾಧ್ಯಕ್ಷನ ನೆಲೆಯಲ್ಲಿ, ‘ಅವರ ಅಗಲಿಕೆಯಿಂದ’ ಎಂದು ಶುರುವಾಗುವ ನಾಲ್ಕು ಮಾತು ಹೇಳಿ ನೋಡಿದೆ. ಚೆನ್ನಾಗಿಯೇ ಬಂತು. ನನಗೇ ನಾಚಿಕೆಯಾಗಿ ಅಲ್ಲಿಗೆ ನಿಲ್ಲಿಸಿದೆ.

ಮಂಗಳವಾರ ಜನ ಬರತೊಡಗಿದರು. ವೃಷಭೇಂದ್ರಪ್ಪನವರ ಪತ್ನಿ ವಾಣಿಯಮ್ಮನವರಿಗೆ ವಿಷಯ ಗೊತ್ತಿಲ್ಲದಿರಬಹುದು, ಗೊತ್ತಾಗುವುದೂ ಬೇಡ ಎಂದು ಊರೆಲ್ಲ ಮಾತಾಡಿಕೊಂಡಿತ್ತು. ಆದ್ದರಿಂದ ಬಂದವರು ಬಾಗಿಲಲ್ಲಿ ಕಣ್ಣು ಒರೆಸಿಕೊಂಡು, ಒಳಗೆ ಬಂದು ನಗುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಎರಡೆರಡು ಎಳನೀರು. ವಾಣಿಯಮ್ಮ ಎಲ್ಲರಿಗೂ ಕಾಫಿ ಕೊಟ್ಟು ಕೊಟ್ಟು ಸುಸ್ತಾಗಿ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು.

“ಯಾಕ್ರೀ ಇಷ್ಟೊಂದು ಜನ? ಇವರೇನು ಕಾರ್ಪೊರೇಷನ್ ಎಲೆಕ್ಷನ್‌ಗೆ ನಿಲ್ತಾ ಇದಾರಾ? ನನಗೊಂದು ಮಾತು ಹೇಳ್ಲಿಲ್ವಲ್ಲ!”

“ಧೈರ್ಯವಾಗಿರಿ ಅಮ್ಮ,” ಎಂದೆ.

“ನಿಂತೇಬುಟ್ರಾ ಹಾಗಾದ್ರೆ!” ಎಂದು ಅವರು ತಲೆ ಮೇಲೆ ಕೈಹೊತ್ತರು.

ಖಜಾನೆ ಇಲಾಖೆಯಿಂದ ನಿವೃತ್ತರಾದ ಎದುರು ಮನೆಯ ಕೃಷ್ಣಪ್ಪನವರು ಬರುವಾಗ ಎಳನೀರಿನ ಜೊತೆ ಒಂದು ಫಾರಂ ತಂದಿದ್ದರು. “ಸಾರ್, ಪಿಂಚಣಿಯೋರಿಗೆ ನಾವು ಬದುಕಿದ್ದೀವಿ ಅಂತ ಬರೆದುಕೊಡೋ ಸರ್ಟಿಫಿಕೇಟು. ನವೆಂಬರ್‌ತನಕ ಯಾಕೆ ಕಾಯ್ತೀರಿ? ಈಗ್ಲೇ ಒಂದು ಸೈನು ಹಾಕ್ಬುಡಿ,” ಎಂದರು. ವೃಷಭೇಂದ್ರಪ್ಪನವರು ಅವರ ಮುಂದಾಲೋಚನೆಯನ್ನು ಮೆಚ್ಚಿ ಸೈನು ಹಾಕಿದರು.

ಎಲ್ಲರನ್ನೂ ಅವರು ಅದೇ ಪ್ರಶ್ನೆ ಕೇಳುತ್ತಿದ್ದರು. ಎಲ್ಲರೂ ಅದೇ ಉತ್ತರ ಕೊಡುತ್ತಿದ್ದರು. ನಿಮ್ಮಂಥೋರು ಇನ್ನು ಹುಟ್ಟಲ್ಲ ಎಂದವರು ಏಳು ಜನ. ನಿಮ್ಮ ಮಾತು ಕೇಳಿದ್ರೆ ಸಾಕು ಹೊಟ್ಟೆ ತುಂಬುತ್ತೆ ಎಂದವರು ನಾಲ್ಕು ಜನ, ಇವರು ಹಿಂದೆಲ್ಲ ಅಧ್ಯಕ್ಷರ ಭಾಷಣ ಶುರುವಾದರೆ ಊಟದ ಕಡೆ ಎದ್ದು ಹೋಗುತ್ತಿದ್ದವರು. ಸಂಜೆ ಅಧ್ಯಕ್ಷರು ನನಗೆ ನೋಟ್‌ಬುಕ್ ತೋರಿಸಿದರು. ‘ತಪ್ಪುಗಳು’ ಎಂಬ ಕಾಲಂನಲ್ಲಿ ಇಪ್ಪತ್ತಮೂರು ಸಲ ‘ಇಲ್ಲ’ ಎಂದಿತ್ತು.

“ನನ್ನ ಬಗ್ಗೆ ನನಗೇ ಇಷ್ಟು ಗೊತ್ತಿರಲಿಲ್ಲ ಕಣ್ರೀ,” ಎಂದು ಅವರು ಕಣ್ಣು ತುಂಬಿಕೊಂಡರು. ನಾನೂ ಕಣ್ಣು ತುಂಬಿಕೊಂಡೆ, ಬೇರೆ ಕಾರಣಕ್ಕೆ.

ಬುಧವಾರ ಬೆಳಿಗ್ಗೆ ಚಂದ್ರು ಬಂದ. “ಇಷ್ಟು ಜನಕ್ಕೆ ಮಂಚ ಕೊಟ್ಟ ಮನುಷ್ಯ. ಅವರು ಮರದ ಮಂಚದ ಮೇಲೆ ಮಲ್ಗಿ ನರಳೋದು ನಮ್ಗೇ ಅವಮಾನ ಅಲ್ವಾ? ಅವರು ಬಾಯಿಬಿಟ್ಟು ಕೇಳೋರಲ್ಲ. ನಾವೇ ತಗೊಂಡೋಗಿ ಹಾಕ್ಬುಡೋಣ.” ನನಗೂ ಸರಿಯೆನಿಸಿತು. ಇಬ್ಬರೂ ಶೆಡ್ಡಿಗೆ ಹೋದೆವು.

ಆರು ಮಂಚಗಳಲ್ಲಿ ಐದು ಹೊರಗೆ ಹೋಗಿದ್ದವು. ಉಳಿದ ಒಂದನ್ನು ಚಾಮುಂಡಮ್ಮ ತೊಳೆದು, ಒರೆಸಿ, ಬಾಗಿಲ ಬಳಿ ನಿಲ್ಲಿಸಿದ್ದರು.

“ಅದು ಅಶೋಕಪುರಂ ಜವರಯ್ಯನೋರ್ಗೆ ಬರ್ದು ಮಡಗಿವ್ನಿ,” ಎಂದರು. “ಹೆಬ್ಬಾಳದ ಫ್ಯಾಕ್ಟ್ರೀಲಿ ಸೆಕ್ಯೂರಿಟಿ ಅವ್ರು. ಎಂಡ್ತಿ ಪುಟ್ಟತಾಯಮ್ಮಂಗೆ ತೊಡೆ ಮೂಳೆಗೆ ಪ್ಲೇಟ್ ಹಾಕವ್ರೆ, ಇವತ್ತು ಮಧ್ಯಾನ್ನ ಡಿಸ್ಚಾರ್ಜು. ನೆಲದ ಮ್ಯಾಲೆ ಮಲುಗುಸ್ಲೇಬ್ಯಾಡಿ ಅಂದವ್ರಂತೆ ಡಾಕ್ಟ್ರು. ಅವ್ರ ಮನೇಲಿ ಮಂಚ ಇಲ್ಲ.”

“ಅಧ್ಯಕ್ಷರಿಗೇ ಬೇಕಾಗಿದೆ ಕಣಮ್ಮ,” ಎಂದು ಚಂದ್ರು ವಿಷಯ ಹೇಳಿದ. ಚಾಮುಂಡಮ್ಮ ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ, “ಎಲ್ರ ತಾವೂ ಹೋಗಿ ಕೇಳುದ್ರಂತೆ. ನನ್ನ ತಾವು ಬರ್ಲೇ ಇಲ್ಲ,” ಎಂದರು.

ಸದಸ್ಯರು, ಬಂಧುಗಳು, ಹಿತೈಷಿಗಳು ಎಂಬ ಮೂರು ತಲೆಬರಹಗಳಲ್ಲಿ ಯಾವುದರ ಕೆಳಗೂ ಚಾಮುಂಡಮ್ಮ ಬರುತ್ತಿರಲಿಲ್ಲ. ಇದನ್ನು ಅವರಿಗೆ ಹೇಗೆ ಹೇಳುವುದೆಂದು ತಿಳಿಯದೆ ನಾನು ಮಂಚದ ಕಾಲು ಹಿಡಿದೆ. ಜವರಯ್ಯನವರಿಗೆ ನಾಳೆ ಬೇರೆ ಏನಾದರೂ ಮಾಡೋಣ ಎಂದು ಚಂದ್ರು ಟೆಂಪೋ ಹತ್ತಿದ. ಆ ‘ನಾಳೆ’ಯವರೆಗೆ ಆಕೆ ಎಲ್ಲಿ ಮಲಗಬೇಕು ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಅಧ್ಯಕ್ಷರ ಮನೆಗೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ವಾಣಿಯಮ್ಮ ಕಾಫಿಪುಡಿ ಮುಗಿದು ಅಂಗಡಿಗೆ ಹೋಗಿದ್ದರು. ನಾವು ಮಂಚವನ್ನು ನಡುಮನೆಯಲ್ಲಿ ಇಳಿಸಿ, ಹಾಸಿಗೆ ಹಾಸಿ, ತಲೆ ತಗ್ಗಿಸಿ ನಿಂತೆವು.

“ಮಲ್ಕೊಳ್ಳಿ ಸಾರ್,” ಎಂದ ಚಂದ್ರು, ಮೂಗೊರೆಸಿಕೊಳ್ಳುತ್ತ.

ಸೇವೆ ಪಡೆಯುವವರ ಜಾಗದಲ್ಲಿ ಒಂದು ದಿನ ಇದ್ದು ನೋಡಿ ಎಂದು ಅಪೂರ್ವ ಹೇಳಿದ್ದಳಲ್ಲ? ಅಧ್ಯಕ್ಷರು ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದರಂತೆ. ತಾವು ಬಾಯಿಬಿಡುವ ಮೊದಲೇ ಸಹೋದ್ಯೋಗಿಗಳು ಮಂಚ ತಂದು ಹಾಕಿದ್ದನ್ನು ಕಂಡು ಅವರ ಮುಖ ಅರಳಿತು. “ನನ್ನ ಮನಸ್ಸಲ್ಲಿರೋದು ನಿಮಗೆ ಹೆಂಗ್ರೀ ಗೊತ್ತಾಯ್ತು?” ಎಂದು ಖುಷಿಯಿಂದ ಹತ್ತಿ ಮಲಗಿದರು. ಎಂಥ ಗಟ್ಟಿ ಜೀವ ಎಂದು ನಾವು ಮುಖ ಮುಖ ನೋಡಿಕೊಂಡೆವು.

ಚಂದ್ರು ಹ್ಯಾಂಡಲ್ ತಿರುಗಿಸಿದ. ತಲೆಯ ಕಡೆ ಎದ್ದಿತು. ಇನ್ನೊಂದು ಹ್ಯಾಂಡಲ್ ತಿರುಗಿಸಿದ. ಮೊಣಕಾಲಿನ ಕಡೆಯೂ ಎದ್ದಿತು. ಆಮೇಲೆ ಕಿರ್ ಎಂದು ಸದ್ದಾಗಿ ಎರಡೂ ಅಲ್ಲೇ ನಿಂತವು. ಎಷ್ಟು ಜಗ್ಗಿದರೂ ಇಳಿಯಲೊಲ್ಲವು. ಅಧ್ಯಕ್ಷರು ಎರಡಾಗಿ ಮಡಿಸಿದ ಮಸಾಲೆದೋಸೆಯಂತೆ ಮಧ್ಯದಲ್ಲಿ ಹೂತುಹೋಗಿದ್ದರು. ಎದುರಿಗೆ ಒಂದು ಮಾರು ದೂರದಲ್ಲಿ ಅವರದೇ ಸ್ಟಿಕ್ಕರು ಕೈಮುಗಿದು ಅವರನ್ನು ನೋಡಿ ನಗುತ್ತಿತ್ತು.

ಅದೇ ಹೊತ್ತಿಗೆ ನಂಜನಗೂಡಿನಿಂದ ಭಾವಮೈದ ಗುರುಮಲ್ಲಪ್ಪನವರು ಬಂದರು. ಸೋಮವಾರ ಭಾವ ಫೋನ್ ಮಾಡಿ, ನಿನ್ನ ಗೃಹಪ್ರವೇಶದಲ್ಲಿ ಕೋಪ ಮಾಡಿಕೊಂಡು ಉಣ್ಣದೆ ಬಂದದ್ದು ನನ್ನದೇ ತಪ್ಪು ಎಂದಾಗಲೇ ಅವರಿಗೆ ಅನುಮಾನ ಹತ್ತಿತ್ತು. ಭಾವ ಮಂಚದಲ್ಲಿ ಮಡಿಚಿಕೊಂಡಿರುವುದನ್ನು ಕಂಡದ್ದೇ ತಡ, “ಅಯ್ಯೋ ಭಾವಾ!” ಎಂದು ಬಾಳೆಹಣ್ಣಿನ ಗೊನೆಯನ್ನು ಅಲ್ಲೇ ಬಿಟ್ಟು, ನಂಜುಂಡೇಶ್ವರನ ವಿಭೂತಿಯನ್ನು ಅವರ ಹಣೆಗೆ, ಕತ್ತಿಗೆ, ಕೈಗೆಟುಕಿದ ಕಡೆಗೆಲ್ಲ ಬಳಿದರು. ಗಲಾಟೆ ಕೇಳಿ ಕೃಷ್ಣಪ್ಪನವರೂ ಓಡಿಬಂದರು. ಹಿಂದೆಯೇ ಕಾಫಿಪುಡಿಯ ಪೊಟ್ಟಣ ಹಿಡಿದ ವಾಣಿಯಮ್ಮ.

“ಏನಾಯ್ತ್ರೀ ಇವರಿಗೆ!” ಎಂದು ಅವರು ಕಿರುಚಿದರು.

“ಅಳಬೇಡ ಕಣವ್ವ,” ಎಂದು ಗುರುಮಲ್ಲಪ್ಪನವರೇ ಅತ್ತರು. “ಹದಿನೈದು ದಿನಾನಾದ್ರೂ ಅದೆಯಲ್ಲ.”

“ಎಲೆಕ್ಷನ್‌ಗಾ?”

“ಯಾವ ಎಲೆಕ್ಷನ್ನು?” ಎಂದು ಮಂಚದ ಹಳ್ಳದಿಂದ ಅಧ್ಯಕ್ಷರ ದನಿ ಬಂತು. “ಹದಿನೈದು ದಿನಕ್ಕೆ ಏನಾಗುತ್ತೆ?”

ಎಲ್ಲರೂ ನನ್ನ ಕಡೆ ನೋಡಿದರು. ಉಪಾಧ್ಯಕ್ಷನಾಗಿ ನಾನು ಮಾಡಿದ ಮೊದಲ ಕೆಲಸ ಅದು. ಹೇಳಿದೆ. ಅಧ್ಯಕ್ಷರು ಬಾಯಿ ತೆರೆದು ಕೇಳಿದರು. ಆಮೇಲೆ ಅವರೂ ತರಬೇತಿಯ ಕಥೆಯನ್ನು ಮೊದಲಿಂದ ಹೇಳಿದರು. ಕಾಯಿಲೆಯಿಲ್ಲ, ಡಾಕ್ಟರಿಲ್ಲ, ಬಿಪಿ ಕೂಡ ಇಲ್ಲ.

ಸಾಯದೆ ಇರುವ ಮನುಷ್ಯನ ಮೇಲೆ ಜನಕ್ಕೆ ಅಷ್ಟು ಸಿಟ್ಟು ಬರುವುದನ್ನು ನಾನು ಹಿಂದೆ ಕಂಡಿರಲಿಲ್ಲ.

“ಅಂಗಡಿ ಬಾಗಿಲು ಹಾಕ್ಕೊಂಡು ಬಂದಿವ್ನಿ ಭಾವ!” ಎಂದರು ಗುರುಮಲ್ಲಪ್ಪ. “ತಪ್ಪು ಹೇಳು ಅಂದ್ರಲ್ಲ, ಹೇಳ್ತೀನಿ ಕೇಳಿ. ನನ್ನ ಗೃಹಪ್ರವೇಶದಲ್ಲಿ ನಿಮ್ಗೆ ಕೋಪ ಬಂದಿದ್ದು ಪಾಯಸ ಎರಡನೇ ಸಲ ಬರ್ಲಿಲ್ಲ ಅಂತ!” ಕೃಷ್ಣಪ್ಪನವರು, ಅಧ್ಯಕ್ಷರು ದಿನಾ ತಮ್ಮ ಮನೆಯ ಪೇಪರನ್ನು ತಮಗಿಂತ ಮೊದಲೇ ಓದಿ ಮಡಿಸಿಡುವುದನ್ನು ಎತ್ತಿದರು. ನಾನು ಏಣಿಯನ್ನು ಎತ್ತಿದೆ. ಅಧ್ಯಕ್ಷರು ಎದ್ದು ಹೋಗುವಂತಿರಲಿಲ್ಲ. ಮಂಚ ಬಿಡುತ್ತಿರಲಿಲ್ಲ.

ಇದರ ನಡುವೆ ಗೇಟಿನ ಮುಂದೆ ಆಟೋ ನಿಂತಿತು. ಚಾಮುಂಡಮ್ಮ ಒಳಗೆ ಬಂದರು. ಅವರ ಹಿಂದೆ, ಮಂಚ ಕೇಳಿಕೊಂಡು ಶೆಡ್ಡಿಗೆ ಬಂದಿದ್ದ ಜವರಯ್ಯ, ಸೆಕ್ಯೂರಿಟಿ ಯೂನಿಫಾರ್ಮಿನಲ್ಲಿ, ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.

“ತಪ್ಪು ತಿಳೀಬ್ಯಾಡಿ ಸಾ,” ಎಂದರು ಜವರಯ್ಯ. “ಆಸ್ಪತ್ರೇಲಿ ಹಾಸಿಗೆ ಖಾಲಿ ಮಾಡ್ಸುದ್ರು. ಓನರ್ ಮನೆ ಜಗುಲಿ ಮ್ಯಾಲೆ ಬೆಂಚಲ್ಲಿ ಮಲುಗ್ಸಿವ್ನಿ. ಅಗಲ ಸಾಲ್ದು, ಪಕ್ಕದ ಮನೆಯವ್ರು ಹಿಡ್ಕೊಂಡು ನಿಂತವ್ರೆ. ಮೂರು ಗಂಟೆಗೆ ನಂಗೆ ಶಿಫ್ಟು. ನಿಮ್ಗೇ ಇಷ್ಟು ಜೋರಾಗದೆ ಅಂತ ಗೊತ್ತಿದ್ರೆ ಬತ್ತಿರ್ಲಿಲ್ಲ.”

“ನನಗೇನೂ ಆಗಿಲ್ಲ,” ಎಂದರು ಅಧ್ಯಕ್ಷರು, ಸಣ್ಣ ದನಿಯಲ್ಲಿ.

ಚಾಮುಂಡಮ್ಮ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಏನೂ ಆಗಿಲ್ವಾ?”

“ಇಲ್ಲ ಚಾಮುಂಡಮ್ಮ. ಎಲ್ಲ ನನ್ನ ತಪ್ಪು. ನಿಮ್ಮನ್ನೂ ಕೇಳಬೇಕಾಗಿತ್ತು, ಬಿಟ್ಟುಹೋಯ್ತು. ಈಗ ಕೇಳ್ತೀನಿ. ನನ್ನಿಂದ ಏನು ತಪ್ಪಾಗಿದೆ?”

ಅವರು ಕೇಳಿದ್ದು ನೋಟ್‌ಬುಕ್ಕಿಗಾಗಿ ಅಲ್ಲ ಎಂದು ನನಗೆ ಅನ್ನಿಸಿತು. ನೋಟ್‌ಬುಕ್ಕು ಅವರ ಬೆನ್ನ ಕೆಳಗೆ ಸಿಕ್ಕಿಕೊಂಡಿತ್ತು.

“ಕೇಳುದ್ರಲ್ಲ, ಏಳ್ತೀನಿ,” ಎಂದರು ಚಾಮುಂಡಮ್ಮ. “ಈ ಮಂಚದ ಹ್ಯಾಂಡ್ಲು ಕಚ್ಕತದೆ ಅಂತ ಎರಡು ವರ್ಸದಿಂದ ಏಳ್ತಾ ಇವ್ನಿ, ರಿಪೇರಿ ಮಾಡ್ಸಿ ಅಂತ. ನೀವು ಸ್ಟಿಕ್ಕರ್ ಮಾಡ್ಸುದ್ರಿ. ಓದ ವರ್ಸ ಒಬ್ಬ ತಾತ ವಾಕರ್ ಕೇಳ್ಕೊಂಡು ಬಂದ್ರು. ನೀವು ಹಾಸನಕ್ಕೆ ಮದುವೆಗೆ ಓಗಿದ್ರಿ. ಫೋಟೋ ಆಗ್ದೆ ಕೊಡೋಂಗಿಲ್ಲ. ಎರಡು ದಿನ ಆ ತಾತ ತೆವಳ್ಕೊಂಡು ಬಚ್ಚಲಿಗೆ ಓದ್ರು. ವಾಕರ್ ಇಲ್ಲೇ ಶೆಡ್ಡಲ್ಲಿತ್ತು, ಬೀಗದ ಕೈ ನನ್ನ ಸೊಂಟದಲ್ಲಿತ್ತು. ನಂಗೆ ಅನ್ನ ಇಳೀಲಿಲ್ಲ.”

ಚಾಮುಂಡಮ್ಮ ಮಂಚದ ಕಾಲ ಕಡೆಗೆ ಬಂದು ಸ್ಟಿಕ್ಕರಿನತ್ತ ಕೈ ತೋರಿಸಿದರು.

“ಇನ್ನೊಂದು. ಮಂಚ ವಾಪಸ್ ಬರುವಾಗೆಲ್ಲ ನಿಮ್ಮ ಫೋಟೋ ಮ್ಯಾಲೆ ಏನಾದ್ರೂ ಮುಚ್ಚಿರ್ತದೆ. ಒಬ್ರು ಟವೆಲ್ ಕಟ್ಟಿರ್ತಾರೆ. ಒಬ್ರು ಕ್ಯಾಲೆಂಡರ್ ನೇತಾಕಿರ್ತಾರೆ. ಒಬ್ರಂತೂ ಗಾಯಕ್ಕಾಕೋ ಪ್ಲಾಸ್ಟರ್ ತಗಂಡು ನಿಮ್ಮ ಎರಡು ಕಣ್ಣಿಗೂ ಅಂಟ್ಸಿದ್ರು. ನಿಮ್ಗೆ ಬ್ಯಾಸರ ಆಯ್ತದೆ ಅಂತ ಎಲ್ಲಾನೂ ಕಿತ್ತಾಕಿ ತೊಳೀತಿದ್ದೆ. ನಗೋರ್ನ ಎಷ್ಟೊತ್ತು ಅಂತ ನೋಡ್ತಾರೆ ಸಾ, ಸೊಂಟ ಮುರಿದು ಮಲಗಿರೋರು?”

ಅಧ್ಯಕ್ಷರು ಎದುರಿನ ಸ್ಟಿಕ್ಕರನ್ನು ನೋಡಿದರು. ಅವರು ಅಲ್ಲಿ ಮಲಗಿ ಅರ್ಧ ಗಂಟೆಯಾಗಿತ್ತು. “ನನಗೇ ಸಾಕಾಯ್ತು,” ಎಂದರು. ಅವರ ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಆ ಮನುಷ್ಯನ ಬಗ್ಗೆ ನನಗೆ ಮೊದಲ ಸಲ, ಯಾವ ಕಾಯಿಲೆಯೂ ಇಲ್ಲದೆ, ನಿಜವಾಗಿ ಪ್ರೀತಿ ಬಂತು.

ಚಾಮುಂಡಮ್ಮ ಸೀರೆಯನ್ನು ಸ್ವಲ್ಪ ಮೇಲೆತ್ತಿ ಸಿಕ್ಕಿಸಿ, ಮಂಚದ ಕೆಳಗಿನ ಕಂಬಿಗೆ ಒಂದು ಒದೆ ಕೊಟ್ಟರು. ಮಂಚ ಧಡ್ಡನೆ ಸಪಾಟಾಯಿತು. ಅಧ್ಯಕ್ಷರು ಬಿಡುಗಡೆಯಾದರು.

ಆಮೇಲಿನದು ಬೇಗ ಬೇಗ ಆಯಿತು. ಚಂದ್ರು, ಗುರುಮಲ್ಲಪ್ಪ, ನಾನು, ಅಧ್ಯಕ್ಷರು ನಾಲ್ಕು ಮೂಲೆ ಹಿಡಿದೆವು. ವಾಣಿಯಮ್ಮ ಮನೆಯಲ್ಲಿದ್ದ ಎಳನೀರನ್ನೆಲ್ಲ ಟೆಂಪೋಗೆ ಹಾಕಿಸಿದರು. ನಾನು ತಂದಿದ್ದ ಎರಡೂ ಅದರಲ್ಲೇ ಹೋದವು. ಎರಡೂಕಾಲಿಗೆ ಅಶೋಕಪುರಂ ತಲುಪಿದೆವು. ಜವರಯ್ಯನ ಮನೆ ಓನರ್ ಮನೆಯ ಹಿಂಭಾಗದಲ್ಲಿ, ನಡುವೆ ಒಬ್ಬರು ಹೋಗುವಷ್ಟೇ ಓಣಿ. ಮಂಚವನ್ನು ಓರೆ ಮಾಡಿ, ನೂಕಿ, ಎತ್ತಿ ಒಯ್ಯಬೇಕಾಯಿತು. ಅರ್ಧ ದಾರಿಯಲ್ಲಿ ಅಧ್ಯಕ್ಷರು ಏದುಸಿರು ಬಿಡುತ್ತ, “ಚಾಮುಂಡಮ್ಮ, ಇನ್ನೂ ಏನಾದ್ರೂ ತಪ್ಪು ಇದೆಯಾ?” ಎಂದರು.

“ಬೇಕಾದಷ್ಟವೆ. ಮೊದ್ಲು ಆ ಕಾಲು ನೆಟ್ಟಗೆ ಇಡ್ಕಳಿ.”

ಪುಟ್ಟತಾಯಮ್ಮನನ್ನು ನಾಲ್ಕು ಜನ ಹೆಂಗಸರು ಬೆಡ್‌ಶೀಟಿನಲ್ಲಿ ಎತ್ತಿ ತಂದು ಮಂಚದ ಮೇಲೆ ಮಲಗಿಸಿದರು. ಆಕೆ ಹಲ್ಲು ಕಚ್ಚಿ ಹಿಡಿದಿದ್ದ ಉಸಿರನ್ನು ಬಿಟ್ಟು, “ಅಪ್ಪಾ,” ಎಂದರು. ಅಷ್ಟರಲ್ಲಿ ಚಂದ್ರು ರೂಢಿಬಲದಿಂದ ಮೊಬೈಲ್ ಎತ್ತಿದ. ನಾನೂ ರೂಢಿಬಲದಿಂದ ಎಡಗಡೆಗೆ ಹೋಗಿ ನಿಂತೆ. ಜವರಯ್ಯ ಟೋಪಿ ಹಾಕಿಕೊಂಡರು.

“ನಗ್ಬೇಕಾ ಸಾ, ಅಳ್ಬೇಕಾ?” ಎಂದು ಪುಟ್ಟತಾಯಮ್ಮ ಮಲಗಿದಲ್ಲಿಂದಲೇ ಕೇಳಿದರು.

“ಏನೂ ಮಾಡ್ಬೇಡಿ ತಾಯಿ, ಮಲ್ಕೊಳ್ಳಿ,” ಎಂದರು ಅಧ್ಯಕ್ಷರು. “ಚಂದ್ರು, ಅದನ್ನ ಜೇಬಿಗೆ ಹಾಕೋ.”

ಹಾಗೆಂದವರೇ ಮಂಚದ ಕಾಲ ಕಡೆ ಕುಕ್ಕರುಗಾಲಲ್ಲಿ ಕೂತು, ಸ್ಟಿಕ್ಕರನ್ನು ಉಗುರಿನಿಂದ ಕೀಳತೊಡಗಿದರು. ಅದು ಅವರೇ ನಿಂತು, ಒಳ್ಳೆಯ ಅಂಟು ಹಾಕಿಸಿ ಮಾಡಿಸಿದ್ದ ಮಾಲು. ಮೊದಲು ಹಣೆ ಬಂತು, ಆಮೇಲೆ ಕಣ್ಣು, ಆಮೇಲೆ ಹಲ್ಲು. ಕೆಳಗಿನ ಹೆಸರು ಉದ್ದಕ್ಕೆ ಒಂದೇ ಪಟ್ಟಿಯಾಗಿ ಬಂತು. ನಡುವೆ ಮುಗಿದಿದ್ದ ಎರಡು ಕೈಗಳು ಮಾತ್ರ ಏನು ಮಾಡಿದರೂ ಬರಲಿಲ್ಲ. ಚಾಮುಂಡಮ್ಮ ಸೀಮೆಎಣ್ಣೆ ಬಟ್ಟೆ ತರುತ್ತೇನೆಂದು ಎದ್ದರು.

ಪುಟ್ಟತಾಯಮ್ಮ ತಲೆಯನ್ನು ಸ್ವಲ್ಪ ಎತ್ತಿ ಆ ಕೈಗಳನ್ನು ನೋಡಿದರು.

“ಬುಡಿ ಸಾ, ಇಷ್ಟಿರ್ಲಿ,” ಎಂದರು. “ಇದಕ್ಕೆ ಟವೆಲ್ ಏನೂ ಬ್ಯಾಡ.”